ರಾಮದುರ್ಗವೆಂಬ ಪರದೇಶ

ಬೈಲಹೊಂಗಲ

ನಮ್ಮ ಓಣಿಯಲ್ಲಿ ಪರದೇಶ ಕಂಡವರು ಇಬ್ಬರು. ಒಬ್ಬರು ನಮ್ಮ ಶೇಷಗಿರಿ ಕಾಕಾ, ಇನ್ನೊಬ್ಬ ನಾನು. ಕಾಕಾ ಹಡಗು ಹತ್ತಿ ಲಂಡನ್ನಿಗೆ ಹೋಗಿದ್ದರು. ನಾನು ಎತ್ತಿನ ಗಾಡಿ ಹತ್ತಿ ರಾಮದುರ್ಗಕ್ಕೆ ಹೋಗಿದ್ದೆ. ನಗುವವರು ನಕ್ಕು ಮುಗಿಸಲಿ, ನನಗೇನೂ ಅವಸರವಿಲ್ಲ. ಬೈಲಹೊಂಗಲವೆಂದರೆ ಇಂಗ್ರೇಜಿ ಸರಕಾರದ ಮುಲಕ. ರಾಮದುರ್ಗಕ್ಕೆ ಬೇರೆ ಅರಸರು, ಬೇರೆ ಕಚೇರಿ, ಗಡಿಯಲ್ಲಿ ಸುಂಕ ವಸೂಲಿಗೆ ಬೇರೆ ಜಕಾತಿ ನಾಕೆ. ಇಷ್ಟೆಲ್ಲ ಇದ್ದ ಮೇಲೆ ಅದು ಪರದೇಶವಲ್ಲದೆ ಮತ್ತೇನು?

ಕಾಕಾ ಅಂದರೆ ನನ್ನ ತಂದೆಯ ತಮ್ಮ. ನಮ್ಮದು ತಲೆಮಾರುಗಳಿಂದ ಪೌರೋಹಿತ್ಯದ ಮನೆ. ನನ್ನ ಕಾಲಕ್ಕೆ ಅದು ಹೊಟ್ಟೆಗೆ ಸಾಲದೆ ನಾನು ಅರಳೆ ವ್ಯಾಪಾರಿಯೊಬ್ಬರ ಅಂಗಡಿ ಸೇರಿದೆ. ಕಾಕಾ ಇನ್ನೂ ಮುಂದೆ ಹೋಗಿ, ಯಾರೋ ದೇಸಾಯರ ಕೋರ್ಟು ಖಟ್ಲೆಯ ಕಾಗದ ಹೊತ್ತುಕೊಂಡು ಕಾರಕೂನರಾಗಿ ಲಂಡನ್ನಿಗೇ ಹೋದರು. ವರ್ಷ ತುಂಬುವುದರೊಳಗೆ ತಿರುಗಿ ಬಂದರು. ಬಂದ ದಿನ ಹಿತ್ತಲಲ್ಲಿ ಸದ್ದಿಲ್ಲದೆ ಪಂಚಗವ್ಯ ಕುಡಿದು ಸಮುದ್ರ ದಾಟಿದ ಪಾಪ ಕಳೆದುಕೊಂಡರು. ಮರುದಿನ ವಾಚನಾಲಯದಲ್ಲಿ ನಿಂತು, ಕುರುಡು ನಂಬಿಕೆಗಳಿಂದ ನಮ್ಮ ದೇಶ ಹೇಗೆ ಹಾಳಾಯಿತೆಂದು ಭಾಷಣ ಮಾಡಿದರು. ಬಾಯಿಯಿಂದ ಇನ್ನೂ ಗೋಮೂತ್ರದ ವಾಸನೆ ಹೋಗಿರಲಿಲ್ಲ.

ಅಂದಿನಿಂದ ಅವರಿಗೆ ಒಂದೇ ಗೀಳು. ಒಂದು ದೇಶ ಏಕೆ ಸಿರಿವಂತವಾಗುತ್ತದೆ, ಇನ್ನೊಂದು ಏಕೆ ಭಿಕಾರಿಯಾಗುತ್ತದೆ? ಅವರ ಉತ್ತರವೂ ಒಂದೇ: ರಾಷ್ಟ್ರಗುಣ. ಲಂಡನ್ನಿನಲ್ಲಿ ರವಿವಾರ ಬಂತೆಂದರೆ ಇಡೀ ಪಟ್ಟಣದ ಅಂಗಡಿ ಮುಚ್ಚುತ್ತವಂತೆ, ಯಾರೂ ಕೈ ಅಲ್ಲಾಡಿಸುವುದಿಲ್ಲವಂತೆ. "ಅದು ಶಿಸ್ತು ಅಂದ್ರ" ಎಂದು ಕಾಕಾ ಕಣ್ಣು ಮುಚ್ಚುತ್ತಿದ್ದರು. ಅಲ್ಲಿ ಹೆಣ್ಣುಮಕ್ಕಳು ಓದುತ್ತಾರೆ, ಓದಿಸುತ್ತಾರೆ, ಗಲ್ಲೆಯ ಮೇಲೆ ಕೂತು ಅಂಗಡಿ ನಡೆಸುತ್ತಾರೆ. ಅದಕ್ಕೇ ಆ ರಾಷ್ಟ್ರಕ್ಕೆ ಏಳಿಗೆ. ಲಂಡನ್ನಿನಿಂದ ತಂದ ಜೇಬುಗಡಿಯಾರವನ್ನು ಅವರು ಇಲ್ಲಿಯ ವೇಳೆಗೆ ಹೊಂದಿಸಲೇ ಇಲ್ಲ. ನಾವು ಮಧ್ಯಾಹ್ನ ಊಟಕ್ಕೆ ಕೂತರೆ ಅವರು ಗಡಿಯಾರ ತೆಗೆದು ನೋಡಿ, "ಅಲ್ಲಿ ಈಗ ನಸುಕು" ಎನ್ನುತ್ತಿದ್ದರು.

ಭಾಷಣಕ್ಕೇ ನಿಲ್ಲುವವರಲ್ಲ ಕಾಕಾ. ಒಂದು ಕನ್ಯಾಶಾಲೆಯನ್ನೂ ತೆರೆದರು. ಅಂದರೆ ಬೆಳಗಾವಿಯಿಂದ ಬೋರ್ಡು ಬರೆಸಿ ತಂದು, ನಮ್ಮ ಹೊರಪಡಸಾಲೆಯ ಬಾಗಿಲ ಮೇಲೆ ತೂಗುಹಾಕಿದರು. ನೀಲಿ ಬಣ್ಣದ ಮೇಲೆ ದುಂಡಗಿನ ಬಿಳಿ ಅಕ್ಷರ, ಬಹಳ ಚೆಂದದ ಬೋರ್ಡು. ಕಲಿಸಲು ಹೆಣ್ಣು ಮಾಸ್ತರು ಮಾತ್ರ ಸಿಗಲಿಲ್ಲ. "ನಮ್ಮ ಸಮಾಜದಾಗ ಕಲಿತ ಹೆಣ್ಣಮಕ್ಕಳು ಎಲ್ಲಿದ್ದಾರ?" ಎಂದು ಬಂದವರೆದುರು ನಿಟ್ಟುಸಿರು ಬಿಡುತ್ತಿದ್ದರು. ನನ್ನ ಏಳು ವರ್ಷದ ಮಗಳು ಪದ್ದಿ ಆ ಬೋರ್ಡಿನ ಕೆಳಗೆ ಕುಂಟಾಬಿಲ್ಲೆ ಆಡುತ್ತಿದ್ದಳು. ನಾನೇ ಮನೆಯಲ್ಲಿ ಪಾಟಿ ಹಿಡಿಸಿ ಕೂಡಿಸಿದರೆ, ಎರಡನೆಯ ಅಕ್ಷರಕ್ಕೆ ನಮ್ಮ ಅವ್ವ ದೀಪದ ಬತ್ತಿ ಹೊಸೆಯಲು ಕರೆದು ಎಬ್ಬಿಸುತ್ತಿದ್ದಳು.

ಇಷ್ಟು ಹೇಳಿ ಮುಖ್ಯ ಸಂಗತಿ ಮುಚ್ಚಿಟ್ಟರೆ ತಪ್ಪಾದೀತು. ಕಾಕಾನ ಸ್ವಂತ ಮಗಳು ತುಂಗಾ ಧಾರವಾಡದಲ್ಲಿ ಓದಿ ಶಿಕ್ಷಕಿಯ ಪರೀಕ್ಷೆ ಪಾಸಾಗಿ ಕಿತ್ತೂರಿನ ಸೋದರಮಾವನ ಮನೆಯಲ್ಲಿ ಕೂತಿದ್ದಳು. ಎಳೆವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಅವಳ ಕೂದಲು ತೆಗೆಸಲು ಬಂಧುಬಳಗವೆಲ್ಲ ಮೇಲೆ ಬಿದ್ದಾಗ ಕಾಕಾ ಒಬ್ಬರೇ ಅಡ್ಡ ನಿಂತರು, ಓದಲಿಕ್ಕೂ ಕಳಿಸಿದರು. ಅದಕ್ಕೆ ನಾನು ಅವರಿಗೆ ಕೈಮುಗಿಯುತ್ತೇನೆ. ಆದರೆ ಓದಿ ಮುಗಿಸಿದ ಮಗಳು ತಮ್ಮದೇ ಬೋರ್ಡಿನ ಕೆಳಗೆ ಕಲಿಸುವುದೆಂದರೆ ಅವರ ಧೈರ್ಯ ಸೋರಿಹೋಯಿತು. "ಶೇಷಗಿರಿರಾಯನ ಮಗಳು ಪಗಾರಕ್ಕ ನಿಂತಾಳ ಅಂತಾರ ಮಂದಿ. ಇಂಗ್ಲಂಡದ ಮಾತು ಬ್ಯಾರೆ" ಎಂದರು.

ತುಂಗಾ ತಾನೇ ರಾಮದುರ್ಗಕ್ಕೆ ಅರ್ಜಿ ಬರೆದಳು. ಅಲ್ಲಿ ಹುಡುಗಿಯರ ಸಾಲೆಯೊಂದಕ್ಕೆ ಹೆಣ್ಣು ಮಾಸ್ತರು ಬೇಕಾಗಿದ್ದರು. ಬರುವ ಸೋಮವಾರ ಬಂದು ಕಾಣಿರಿ ಎಂದು ಕರೆಯೂ ಬಂತು. ಕಾಕಾನಿಗೆ ಬೇಡವೆನ್ನಲು ಬಾಯಿಲ್ಲ, ಅಷ್ಟು ಭಾಷಣ ಮಾಡಿಬಿಟ್ಟಿದ್ದರು. ಹೂಂ ಎನ್ನಲು ಎದೆಯಿಲ್ಲ. ಮೂರು ದಿನ ಯೋಚಿಸಿ ಒಂದು ದಾರಿ ಕಂಡುಕೊಂಡರು.

"ಮೊದಲ ಆ ಸಮಾಜ ಎಂಥಾದ್ದು ಅಂತ ನಾ ಅಭ್ಯಾಸ ಮಾಡಬೇಕು. ರಾಷ್ಟ್ರಗುಣ ಚಲೋ ಇದ್ರ ಬಿಟ್ಟು ಬರೋಣ. ಇಲ್ಲಾಂದ್ರ ಕರಕೊಂಡು ಬರೋಣ. ವೆಂಕಣ್ಣ, ನೀ ನನ್ನ ಜೋಡಿ ಬಾ."

ಅಭ್ಯಾಸಕ್ಕೆ ನನ್ನಿಂದೇನು ಸಹಾಯವೆಂದು ಹೊರಡುವಾಗ ತಿಳಿಯಿತು. ಅವರ ಲಂಡನ್ನಿನ ಕೊಡೆ ಹಿಡಿಯಲು ಒಬ್ಬರು ಬೇಕಾಗಿತ್ತು.

ದೊಡವಾಡದ ಬಸಲಿಂಗಪ್ಪ ಗಾಡಿ ತಂದ. ಎತ್ತು ಎರಡೂ ಮೈ ತುಂಬಿಕೊಂಡು ಹೊಳೆಯುತ್ತಿದ್ದವು. ನೊಗಕ್ಕೆ ಕೈ ಹಚ್ಚುವ ಮೊದಲೇ ಅವನು ತನ್ನ ಷರತ್ತು ಹೇಳಿದ.

"ರಾಯರ, ಒಂದ ಮಾತ ಈಗs ಹೇಳಿಬಿಡತೇನಿ. ಸೋಮವಾರ ನಾ ಎತ್ತ ಹೂಡೂದಿಲ್ಲ. ಬಸವಣ್ಣನ ದಿನ, ಅವಕ್ಕ ಅದೊಂದ ದಿನ ಬಿಡತೇವಿ."

ಕಾಕಾ ಗಡಿಯಾರ ನೋಡುತ್ತಿದ್ದರು. "ಆತು, ಆತು. ಅಲ್ಲಿ ಎಲ್ಲಾರೂ ಇನ್ನೂ ಮಲಗ್ಯಾರ" ಎಂದು ಗಾಡಿ ಹತ್ತಿದರು.

ಕಿತ್ತೂರು

ರಾಮದುರ್ಗ ಇರುವುದು ಮೂಡಲಿಗೆ. ನಾವು ಮೊದಲು ಪಡುವಲಿಗೆ ಹೋದೆವು, ತುಂಗಾ ಅಲ್ಲಿದ್ದಳಲ್ಲ.

ಊರು ಮುಟ್ಟಿದ ಕೂಡಲೆ ಕಾಕಾ ಕೋಟೆ ನೋಡಲು ಹೊರಟರು. ಬಿದ್ದ ಗೋಡೆಗಳ ನಡುವೆ ಒಬ್ಬ ರೈತ ಒಳ್ಳೆ ಚೌಕಾದ ಕಲ್ಲೊಂದನ್ನು ಉರುಳಿಸಿಕೊಂಡು ಬರುತ್ತಿದ್ದ.

"ಎಲ್ಲಿಗೆ ಒಯ್ಯಾಕ ಹತ್ತೀಪಾ?" ಎಂದು ಕಾಕಾ ತಡೆದರು.

"ದನದ ಕೊಟಗಿಗ್ರಿ."

"ಇದು ನಿಮ್ಮ ಹಿರೇರ ಪರಾಕ್ರಮದ ಕಲ್ಲು. ತಿಳೀತೇನು?"

"ಹೌದ್ರಿ. ಬಾಳ ಗಟ್ಟಿ ಐತಿ" ಎಂದು ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಮತ್ತೆ ಉರುಳಿಸತೊಡಗಿದ.

ಕಾಕಾ ಅಲ್ಲೇ ತೀರ್ಪು ಕೊಟ್ಟರು. ಕಿತ್ತೂರಿನ ಜನಕ್ಕೆ ತಮ್ಮ ಗತವೈಭವದ ಕಿಮ್ಮತ್ತಿಲ್ಲ, ಆದ್ದರಿಂದ ಏಳಿಗೆಯಿಲ್ಲ. ಲಂಡನ್ನಿನ ಹತ್ತಿರ ಇಂಥದೇ ಪಾಳುಗೋಡೆ ನೋಡಲು ಟಿಕೀಟು ಕೊಳ್ಳಬೇಕಂತೆ. ಸಂಜೆ ತುಂಗಾನ ಸೋದರಮಾವನ ಮನೆಯಲ್ಲಿ ಊಟಕ್ಕೆ ಕೂತಾಗ, ಆ ಮನೆಯ ಗಂಡಸರೆಲ್ಲ ಕಿತ್ತೂರಿನ ಹಳೆಯ ಶೌರ್ಯವನ್ನು ಹುಗ್ಗಿಯಿಂದ ಹಿಡಿದು ಮಜ್ಜಿಗೆಯವರೆಗೆ ವರ್ಣಿಸಿದರು. ಎಲೆಯಿಂದ ಎದ್ದು ಕೈ ತೊಳೆಯುತ್ತ ಕಾಕಾ ಇನ್ನೊಂದು ತೀರ್ಪು ಕೊಟ್ಟರು. ಕಿತ್ತೂರಿನ ಜನ ಬರೀ ಗತವೈಭವದಲ್ಲಿ ಮುಳುಗಿದ್ದಾರೆ, ಆದ್ದರಿಂದ ಏಳಿಗೆಯಿಲ್ಲ.

ನೀರು ಹಾಕುತ್ತಿದ್ದ ತುಂಗಾ ಕೇಳಿದಳು, "ಅಪ್ಪಾ, ಇದರಾಗ ಯಾವುದು ಖರೆ?"

"ಎರಡೂ. ಅದೇ ನಮ್ಮ ರಾಷ್ಟ್ರಗುಣ" ಎಂದರು ಕಾಕಾ.

ನಾನು ಬಿದ್ದು ಬಿದ್ದು ನಕ್ಕೆ. ತುಂಗಾ ನಗಲಿಲ್ಲ. ಅವಳ ಟ್ರಂಕು ಬಾಗಿಲ ಹತ್ತಿರ ಹಗ್ಗ ಬಿಗಿದುಕೊಂಡು ತಯಾರಾಗಿ ಕೂತಿತ್ತು.

ಸವದತ್ತಿ

ಬಂದ ದಾರಿಯಲ್ಲೇ ತಿರುಗಿ, ಬೈಲಹೊಂಗಲ ದಾಟಿ, ಸವದತ್ತಿ ಸೇರುವಷ್ಟರಲ್ಲಿ ಶನಿವಾರವಾಗಿತ್ತು. ಊರ ಬಾಗಿಲಲ್ಲೇ ನೊಗದ ಹಗ್ಗ ಹರಿಯಿತು. ಬಸಲಿಂಗಪ್ಪ ತಾನೇ ಹೋಗಿ ತರುತ್ತೇನೆಂದ. ಕಾಕಾ ಬಿಡಲಿಲ್ಲ, ಸವದತ್ತಿಯ ವ್ಯಾಪಾರದ ನೀತಿ ಅಭ್ಯಾಸ ಮಾಡಲು ಇದೇ ಒಳ್ಳೆಯ ಸಂದರ್ಭವೆಂದರು.

ಹಗ್ಗದ ಅಂಗಡಿಯವನೆದುರು ನಿಂತು, "ನೋಡ್ರಿ, ಲಂಡನ್ನಿನಾಗ ಒಂದs ದರ. ಕೊಳ್ಳಾಂವ ಕೇಳೂದಿಲ್ಲ, ಮಾರಾಂವ ಇಳಸೂದಿಲ್ಲ. ಅದಕ್ಕ ಅವರ ವ್ಯಾಪಾರ ಜಗತ್ತೆಲ್ಲಾ ಹಬ್ಬೇದ. ನೀವೂ ಒಂದs ದರ ಹೇಳ್ರಿ" ಎಂದರು.

ಅಂಗಡಿಯವನು ಒಂದು ದರ ಹೇಳಿದ. ಅದು ಸವದತ್ತಿಯಲ್ಲಿ ಮಾತು ಶುರುಮಾಡಲು ಹೇಳುವ ದರ. ಅದಕ್ಕೆ ಗಿರಾಕಿ ಹೌಹಾರಬೇಕು, ಅಂಗಡಿ ಇಳಿದು ಹೋಗಬೇಕು, ಇವನು ಕರೆಯಬೇಕು, ಗಿರಾಕಿ ಬೀಗರ ಕ್ಷೇಮ ಕೇಳಬೇಕು. ಕಾಕಾ ಕೇಳಿದಷ್ಟನ್ನೂ ಕೊಟ್ಟು ಹಗ್ಗ ಎತ್ತಿಕೊಂಡರು. ಅಂಗಡಿಯವನ ಮುಖ ಕಪ್ಪಿಟ್ಟಿತು. ಗಾಡಿ ಊರು ದಾಟುವ ಮೊದಲೇ ಅವನು ಓಡೋಡಿ ಬಂದು ಇನ್ನೊಂದು ಮಾರು ಹಗ್ಗ, ಒಂದು ಉಂಡೆ ಬೆಲ್ಲ ಕಾಕಾನ ಮಡಿಲಿಗೆ ಹಾಕಿದ.

"ರಾಯರ, ನಾನೂ ಮಕ್ಕಳ ತಂದಿ ಅದೇನ್ರಿ. ಒಂದ ಮಾತ ಆಡದ ಕೊಟ್ಟ ಹೋದ್ರ ನನಗ ರಾತ್ರಿ ನಿದ್ದಿ ಹತ್ತೂದಿಲ್ರಿ" ಎಂದು ತೇಕುತ್ತ ನಿಂತ.

ಅವನು ಹೋದ ಮೇಲೆ ಕಾಕಾ ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡರು. "ನೋಡಿದಿ ವೆಂಕಣ್ಣ? ಈ ಜನಕ್ಕ ಲೆಕ್ಕನs ಬರೂದಿಲ್ಲ." ಬಸಲಿಂಗಪ್ಪ ಎತ್ತಿನ ಬಾಲದ ಕಡೆ ಮುಖ ತಿರುಗಿಸಿಕೊಂಡ. ಅವನ ಹೆಗಲು ಬಹಳ ಹೊತ್ತು ಅಲುಗಾಡುತ್ತಿತ್ತು.

ನವಿಲುತೀರ್ಥ

ಮರುದಿನ ಬೆಳಿಗ್ಗೆ ನವಿಲುತೀರ್ಥದಲ್ಲಿ ಬುತ್ತಿ ಬಿಚ್ಚಿದೆವು. ಇಲ್ಲಿ ಮಲಪ್ರಭೆ ಎರಡು ಗುಡ್ಡಗಳ ನಡುವೆ ಮೈ ಹಿಂಡಿಕೊಂಡು ಹರಿಯುತ್ತಾಳೆ. ನವಿಲು ಕಣ್ಣಿಗೆ ಬೀಳಲಿಲ್ಲ, ಕೂಗು ಮಾತ್ರ ಕೇಳಿಸಿತು. ಕಾಕಾ ರೊಟ್ಟಿ ಹಿಡಿದುಕೊಂಡೇ ಎದ್ದು ನಿಂತು ಎರಡೂ ಗುಡ್ಡಗಳನ್ನು ಅಳೆಯುವವರಂತೆ ನೋಡಿದರು.

"ಇಂಗ್ಲಂಡದಾಗ ಇಂಥಾ ಜಾಗಾ ಇದ್ದಿದ್ರ ಈ ಗುಡ್ಡದಿಂದ ಆ ಗುಡ್ಡಕ್ಕ ಗ್ವಾಡಿ ಕಟ್ಟಿ ನೀರ ನಿಲ್ಲಸ್ತಿದ್ರು. ಕೆಳಗಿನ ಎರೆಹೊಲೆಲ್ಲಾ ತೋಟ ಆಗ್ತಿತ್ತು."

"ಮ್ಯಾಲಿನ ಊರು ಎಲ್ಲಿ ಹೋಗಬೇಕ್ರಿ?" ಎಂದ ಬಸಲಿಂಗಪ್ಪ.

"ಅದನ್ನ ಇಂಜಿನೇರ ನೋಡ್ತಾನ."

ಈ ಮಾತಿಗೆ ಮಾತ್ರ ನನಗೆ ನಗು ಬರಲಿಲ್ಲ. ಕಾಕಾ ಹೇಳಿದ್ದೆಲ್ಲ ಹುಚ್ಚೆಂದು ನಾನು ಎಂದೂ ಅಂದಿಲ್ಲ. ಅವರ ಕಣ್ಣಿಗೆ ದೂರದ್ದು ಚೆನ್ನಾಗಿ ಕಾಣುತ್ತಿತ್ತು. ಹತ್ತಿರದ್ದು ನೋಡಲು ಅವರಿಗೆ ಒಂದು ಕನ್ನಡಕ ಬೇಕಾಗಿತ್ತು ಅಷ್ಟೆ.

ಅವರು ಗಾಡಿಯ ನೆರಳಲ್ಲಿ ಅಡ್ಡಾದಾಗ ತುಂಗಾ ನೀರಿಗೆ ಬಂದಳು. ನಾನು ಬಂಡೆಯ ಮೇಲೆ ಕೂತಿದ್ದೆ.

"ವೆಂಕಣ್ಣ, ಅಪ್ಪಗ ರಾಮದುರ್ಗ ಮನಸಿಗೆ ಬರೂದಿಲ್ಲ, ನೋಡು ಬೇಕಾದ್ರ. ಕಿತ್ತೂರು ಬರಲಿಲ್ಲ, ಸವದತ್ತಿ ಬರಲಿಲ್ಲ."

"ಈಗs ಯಾಕ ಹಂಗ ಅಂತಿ?"

"ಅವರು ರಾಮದುರ್ಗ ನೋಡಾಕ ಹೊಂಟಿಲ್ಲ. ಬ್ಯಾಡ ಅನ್ನಾಕ ಒಂದು ನೆವ ಹುಡುಕ್ಕೋತ ಹೊಂಟಾರ." ಅವಳು ತಂಬಿಗೆ ಅದ್ದಿ ಸುಮ್ಮನೆ ಹಿಡಿದುಕೊಂಡಳು. "ಈ ಸಲ ಇದs ಗಾಡ್ಯಾಗ ತಿರುಗಿ ಹೋದೆ ಅಂದ್ರ ಮುಗೀತು. ಮತ್ತ ಯಾರೂ ಕರಿಯೂದಿಲ್ಲ. ಕಲತದ್ದೆಲ್ಲಾ ಹಪ್ಪಳ ಲಟ್ಟಸೂದ್ರಾಗ ಮರತು ಹೋಗ್ತದ. ನನಗ ಬಾಳ ಅಂಜಿಕಿ ಆಗ್ತದ."

ನನಗೆ ನಿಜವಾಗಿ ಸಂಕಟವಾಯಿತು. ನಾನು ಏನು ಮಾಡಲಿ ಎಂದು ಕೇಳಿದೆ.

"ನೀ ನಗಬ್ಯಾಡ, ಅಷ್ಟು ಮಾಡು ಸಾಕು. ನೀ ನಕ್ಕಷ್ಟೂ ಅಪ್ಪ ಹಟಕ್ಕ ಬೀಳ್ತಾರ. ನಿನಗ ಚ್ಯಾಷ್ಟಿ ಆಗ್ತದ, ನನ್ನ ದಾರಿ ಮುಚ್ಚತದ."

ಅಲ್ಲಿಂದ ಮುಂದೆ ನಾನು ಕೊಡೆ ಹಿಡಿಯುವ ಕೆಲಸವನ್ನಷ್ಟೇ ಮಾಡಿದೆ. ನಗು ಬಂದಾಗ ಕೆಮ್ಮುತ್ತಿದ್ದೆ.

ನಾಕೆ

ಗಡಿಯ ನಾಕೆಯೆಂದರೆ ಒಂದು ಬೇವಿನ ಮರ, ಒಂದು ಗುಡಿಸಲು, ಅಡ್ಡ ಒಂದು ಗಳ. ಕಾವಲುಗಾರ ಎದ್ದು ಬಂದು ಮೊದಲು ಎತ್ತಿಗೆ ನೀರಿಟ್ಟ, ಆಮೇಲೆ ನಮ್ಮ ಕಡೆ ನೋಡಿದ.

"ಮಾಲು ಏನೈತ್ರಿ?"

ಪರದೇಶದ ಗಡಿಯಲ್ಲಿ ತಕ್ಕ ಉತ್ತರ ಕೊಡಬೇಕೆಂದು ಕಾಕಾ ಕೋಟಿನ ಗುಂಡಿ ಹಾಕಿಕೊಂಡರು. "ಮಾಲು ಏನೂ ಇಲ್ಲ. ವಿಚಾರ ಅದಾವ."

ಅವನು ಹಾಸಿಗೆಯ ಸುರುಳಿ ಎತ್ತಿ ನೋಡಿದ, ಟ್ರಂಕು ತಟ್ಟಿ ನೋಡಿದ. "ವಿಚಾರಕ್ಕ ಜಕಾತಿ ಇಲ್ರಿ. ಹೋಗಿ ಬರ್ರಿ" ಎಂದು ಗಳ ಎತ್ತಿದ.

ಗಾಡಿ ನಾಲ್ಕು ಮಾರು ಮುಂದೆ ಹೋಗಿರಲಿಲ್ಲ, ಕಾಕಾ ನನ್ನ ಮೊಣಕೈ ತಿವಿದರು. "ನೋಡು, ಗಡಿ ದಾಟಿದ್ದs ತಡ, ಜ್ವಾಳದ ತೆನಿ ಸಣ್ಣು ಆದ್ವು. ನೆಲ ಒಂದs, ಮಳಿ ಒಂದs. ವ್ಯತ್ಯಾಸ ಎಲ್ಲಿಂದ ಬಂತು? ಮನುಷ್ಯಾನ ಗುಣದಿಂದ."

"ಇದೂ ಅದೂ ಎರಡೂ ನಮ್ಮ ಮಾವನ ಹೊಲಾರಿ" ಎಂದ ಬಸಲಿಂಗಪ್ಪ. "ಗಡಿ ನಟ್ಟನಡುವ ಹಾದೈತಿ."

ನಾನು ಬಹಳ ಹೊತ್ತು ಕೆಮ್ಮಿದೆ.

ರಾಮದುರ್ಗ, ರವಿವಾರ

ಸಾಲೆಯ ಉಸ್ತುವಾರಿ ಗೋವಿಂದಪಂತ ಎಂಬ ಹಿರಿಯರದು. ನಮ್ಮನ್ನು ತಮ್ಮ ಮನೆಯಲ್ಲೇ ಇಳಿಸಿಕೊಂಡರು. ಕಾಲಿಗೆ ನೀರು ಕೊಟ್ಟು, ಕಟ್ಟೆಯ ಮೇಲೆ ಕೂಡಿಸಿ, ಮಂಡಕ್ಕಿ ತಂದಿಟ್ಟು, ನಾವು ಒಂದು ಮುಕ್ಕು ಬಾಯಿಗೆ ಹಾಕುವ ಮೊದಲೇ ಒಂದು ಮಾತು ಹೇಳಿದರು.

"ನಿಮ್ಮ ಇಂಗ್ರೇಜಿ ಮುಲಕದ ಮಂದೀದು ಒಂದs ಗುಣ ನೋಡ್ರಿ. ಅರಳಿ ದರ ಬಿಟ್ರ ಬ್ಯಾರೆ ಮಾತಿಲ್ಲ. ಅದಕ್ಕs ಅಲ್ಲಿ ವಿದ್ಯಾ ಬೆಳಿಯೂದಿಲ್ಲ."

ನನಗೆ ರೋಮಾಂಚನವಾಯಿತು. ಗಡಿಯ ಆಚೆಯೂ ಒಬ್ಬ ಶೇಷಗಿರಿ ಕಾಕಾ ಇದ್ದರು. ಲಂಡನ್ನಿಗೆ ಹೋಗಿರಲಿಲ್ಲ, ಅಷ್ಟೇ ವ್ಯತ್ಯಾಸ. ಕಾಕಾ ಸುಮ್ಮನಿರುವವರೇ? ಸಂಸ್ಥಾನದ ಜನ ಎಲ್ಲವನ್ನೂ ಅರಸರೇ ಮಾಡಲಿ ಎಂದು ಕೈಕಟ್ಟಿ ಕೂಡುತ್ತಾರೆ, ಆದ್ದರಿಂದ ಉದ್ಯೋಗ ಬೆಳೆಯುವುದಿಲ್ಲ ಎಂದು ಬಹಳ ವಿನಯದಿಂದ ಹೇಳಿದರು. ಇಬ್ಬರೂ ಒಬ್ಬರ ರಾಷ್ಟ್ರವನ್ನು ಇನ್ನೊಬ್ಬರು ಜರೆಯುತ್ತ, ಒಬ್ಬರಿಗೊಬ್ಬರು ಮಂಡಕ್ಕಿ ಸರಿಸುತ್ತ, ತಟ್ಟೆಯ ತಳ ಕಾಣಿಸಿದರು.

ಕಡೆಗೆ ತುಂಗಾನ ಮಾತು ಬಂತು. ಅವಳು ಒಳಬಾಗಿಲ ಹತ್ತಿರ ನಿಂತಿದ್ದಳು.

"ಹುಡುಗಿ ನಮಗ ಬೇಕು" ಎಂದರು ಪಂತರು. "ನಮ್ಮ ಊರಾಗ ಕಲಿತಾಕಿ ಇಲ್ಲಂತಲ್ಲ. ನಮ್ಮ ತಮ್ಮನ ಸೊಸಿನs ಇದ್ದಾಳ. ಆದ್ರ ನಮ್ಮ ಮನಿ ಹೆಣ್ಣಮಗಳು ಹೊರಗ ಹೋಗಿ ಕಲಸೂದಂದ್ರ ಮಂದಿ ನಾಲ್ಕು ಮಾತು ಆಡ್ತಾರ. ಪರಮುಲಕದಾಕಿ ಆದ್ರ ಯಾರೂ ಏನೂ ಅನ್ನೂದಿಲ್ಲ."

ತುಂಗಾ ತಲೆಯೆತ್ತಿ ಪಂತರನ್ನೂ ತಂದೆಯನ್ನೂ ಒಂದೊಂದು ಸಲ ನೋಡಿದಳು. ಇಬ್ಬರೂ ತಟ್ಟೆಯ ತಳದ ಶೇಂಗಾ ಹುಡುಕುತ್ತಿದ್ದರು.

ರಾಮದುರ್ಗ, ಸೋಮವಾರ

ಬೆಳಿಗ್ಗೆ ಕಾಕಾ ಕೋಟು ಬೂಟು ಹಾಕಿಕೊಂಡು ಸಮಾಜದ ಅಭ್ಯಾಸಕ್ಕೆ ಹೊಳೆಯ ಕಡೆ ಹೋದರು. ಕೊಡೆ ಹಿಡಿದು ನಾನೂ ಹೋದೆ. ಬಿಸಿಲು ಏರಿತ್ತು. ಹೊಲಗಳಲ್ಲಿ ಒಂದು ನೇಗಿಲಿಲ್ಲ, ದಾರಿಯಲ್ಲಿ ಒಂದು ಗಾಡಿಯಿಲ್ಲ. ಮಲಪ್ರಭೆಯ ದಂಡೆಗೆ ಊರಿನ ಎತ್ತುಗಳೆಲ್ಲ ಬಂದಿದ್ದವು. ಒಬ್ಬ ಎತ್ತಿನ ಬೆನ್ನು ತಿಕ್ಕುತ್ತಿದ್ದ, ಒಬ್ಬ ಕೋಡಿಗೆ ಎಣ್ಣೆ ಹಚ್ಚುತ್ತಿದ್ದ, ಮುದುಕನೊಬ್ಬ ಎತ್ತಿನ ಹಣೆಗೆ ವಿಭೂತಿ ಬಳಿದು ಅದರ ಗಂಗೆದೊಗಲು ತುರಿಸುತ್ತ ಕೂತಿದ್ದ. ಎತ್ತು ಕಣ್ಣು ಮುಚ್ಚಿತ್ತು, ಮುದುಕನೂ ಮುಚ್ಚಿದ್ದ.

ಕಾಕಾನ ಮುಖ ಅರಳಿತು.

"ಸಿಕ್ತು" ಎಂದರು. "ಹೊತ್ತು ನೆತ್ತಿಗೆ ಬರಾಕ ಬಂತು, ಇಡೀ ಊರಿಗೆ ಊರs ದುಡಿಯೂದು ಬಿಟ್ಟು ದನಕ್ಕ ಸ್ನಾನ ಮಾಡಸ್ಕೋತ ಕುಂತದ. ಇದಕ್ಕ ಆಲಸ್ಯ ಅಂತಾರ. ಇಂಥಾ ಸಮಾಜದಾಗ ನನ್ನ ಮಗಳನ್ನ ಬಿಡಾಂವಲ್ಲ."

ಪಂತರ ಮನೆಗೆ ಬಂದವರೇ ತುಂಗಾನಿಗೆ ಟ್ರಂಕು ಕಟ್ಟು ಎಂದರು. ಈ ಸಮಾಜ ಇನ್ನೂ ತಯಾರಾಗಿಲ್ಲ, ಹತ್ತು ವರ್ಷ ಹೋಗಲಿ, ನೋಡೋಣ ಎಂದರು. ಕಾಕಾ ಹೊರಗೆ ಬಂದು ಕೂಗಿದರು, "ಬಸಲಿಂಗಪ್ಪಾ, ಗಾಡಿ ಹೂಡು."

ಬಸಲಿಂಗಪ್ಪ ತನ್ನ ಎತ್ತುಗಳಿಗೂ ಸ್ನಾನ ಮಾಡಿಸಿ ತಂದು ಮರಕ್ಕೆ ಕಟ್ಟಿ ಹಸಿಮೇವು ಹಾಕುತ್ತಿದ್ದ. "ಇವತ್ತ ಸೋಮವಾರ್ರಿ" ಎಂದ.

"ಸೋಮವಾರ ಇದ್ರ ಏನಾತು?"

"ಎತ್ತ ಹೂಡೂದಿಲ್ರಿ. ಹೊಂಗಲದಾಗs ಹೇಳೇನಿ, ನೀವು ಆತು ಅಂದೀರಿ. ಇಲ್ಲೂ ಯಾರೂ ಹೂಡಿಲ್ಲ ನೋಡ್ರಿ. ನಮ್ಮ ದೊಡವಾಡದಾಗೂ ಹೂಡೂದಿಲ್ಲ, ನಿಮ್ಮೂರಾಗೂ ಹೂಡೂದಿಲ್ಲ."

ಕಾಕಾ ಹಸಿಮೇವು ಮೇಯುತ್ತಿದ್ದ ಎತ್ತುಗಳ ಕಡೆ ತಿರುಗಿದರು. ಹುಟ್ಟಿದಂದಿನಿಂದ ಬೈಲಹೊಂಗಲದಲ್ಲಿ ಸೋಮವಾರ ಎತ್ತು ನಿಂತದ್ದನ್ನು ನೋಡಿದ ಮನುಷ್ಯ ಒಂದು ವರ್ಷದ ಲಂಡನ್ನಿನಲ್ಲಿ ಅದನ್ನು ಪೂರಾ ಮರೆತಿದ್ದರು. ಅಲ್ಲಿಯ ರವಿವಾರ ಶಿಸ್ತಾದರೆ ಇಲ್ಲಿಯ ಸೋಮವಾರ ಆಲಸ್ಯ ಹೇಗಾಯಿತು ಕಾಕಾ, ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬಂತು. ತುಂಗಾ ನನ್ನನ್ನು ದುರುಗುಟ್ಟಿ ನೋಡಿದಳು. ನುಂಗಿಕೊಂಡೆ.

ಅವಳೇ ಮೆಲ್ಲಗೆ ಹೇಳಿದಳು, "ಹೆಂಗೂ ಇವತ್ತು ಹೋಗೂದಾಗೂದಿಲ್ಲಲ್ಲ ಅಪ್ಪಾ. ಸುಮ್ಮನ ಕುಂದರೂದಕ್ಕ ಸಾಲಿ ನೋಡಿಕೊಂಡು ಬರ್ತೀನಿ." ಉತ್ತರಕ್ಕೆ ಕಾಯದೆ ಸೆರಗು ಹೊದ್ದು ಹೊರಟುಹೋದಳು.

ಗಾಡಿಯಿಲ್ಲದ ಕಾಕಾ ಕಟ್ಟೆ ಬಿಟ್ಟು ಎಲ್ಲಿಗೆ ಹೋದಾರು? ಪಂತರೂ ಬಂದು ಕೂತರು, ಎರಡು ರಾಷ್ಟ್ರಗಳ ಗುಣವಿಚಾರ ಮತ್ತೆ ಮೊದಲಿನಿಂದ ಆರಂಭವಾಯಿತು. ಮಾತಿಗೆ ಮಾತು ಬೆಳೆದು, ನಿಮ್ಮ ಗೋತ್ರ ಯಾವುದು, ಮನೆದೇವರು ಯಾರು ಎಂಬಲ್ಲಿಗೆ ಬಂದು, ಕಾಕಾನ ಅಜ್ಜಿ ಪಂತರ ಮುತ್ತಜ್ಜನ ಖಾಸಾ ತಂಗಿಯೆಂದು ತಿಳಿಯಿತು. ಅಂದರೆ ಕಾಕಾನ ಮೈಯಲ್ಲಿ ಹರಿಯುವ ರಕ್ತದಲ್ಲಿ ರಾಮದುರ್ಗದ ಪಾಲು ಸಣ್ಣದಲ್ಲ. ರಾಷ್ಟ್ರಗುಣ ಯಾವ ಕಡೆಯಿಂದ ಇಳಿದು ಬರುತ್ತದೆ, ತಂದೆಯ ಕಡೆಯಿಂದಲೋ ತಾಯಿಯ ಕಡೆಯಿಂದಲೋ ಎಂದು ಆಮೇಲೆ ಚರ್ಚೆ ಹತ್ತಿತು. ನಾನು ಎದ್ದು ಸಾಲೆಯ ಕಡೆ ನಡೆದೆ.

ಸಾಲೆಯೆಂದರೆ ಹಂಚಿನ ಒಂದು ಅಂಕಣ. ಬೋರ್ಡು ಇರಲಿಲ್ಲ. ಒಳಗೆ ಬಹಳಷ್ಟು ಹುಡುಗಿಯರಿದ್ದರು. ಒಬ್ಬಳ ಬಗಲಲ್ಲಿ ತಮ್ಮ ಮಲಗಿದ್ದ, ಒಬ್ಬಳು ಮೂಗಿನ ನತ್ತು ಸರಿಸಿಕೊಳ್ಳುತ್ತಲೇ ಅಕ್ಷರ ತಿದ್ದುತ್ತಿದ್ದಳು. ತುಂಗಾ ಒಬ್ಬೊಬ್ಬಳ ಹಿಂದೆ ಬಾಗಿ, ಅವಳ ಕೈಮೇಲೆ ಕೈಯಿಟ್ಟು ಬರೆಸುತ್ತಿದ್ದಳು. ಅವಳ ಮೊಣಕೈವರೆಗೂ ಪಾಟಿಗೆ ಬರೆಯುವ ಖಡುವಿನ ಬಿಳಿ ಪುಡಿ ಹತ್ತಿತ್ತು. ನನ್ನನ್ನು ನೋಡಿ ನಕ್ಕಳು. ಕಿತ್ತೂರು ಬಿಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೆ ಆದ ಸಂತೋಷ ಇಷ್ಟೆಂದು ಹೇಳಲಾರೆ. ಪದ್ದಿಯ ನೆನಪಾಗಿ ಹೊಟ್ಟೆ ಉರಿದದ್ದೂ ಖರೆ.

ರಾಮದುರ್ಗ, ಮಂಗಳವಾರ

ಬಸಲಿಂಗಪ್ಪ ಬೆಳಕು ಹರಿಯುವ ಮೊದಲೇ ಗಾಡಿ ಹೂಡಿ ನಿಂತ. ಕಾಕಾ ಹತ್ತಿ ಕೂತರು. ನಾನು ಹಾಸಿಗೆ ಏರಿಸಿದೆ. ಟ್ರಂಕು ಬರಲಿಲ್ಲ. ತುಂಗಾ ಬಾಗಿಲಲ್ಲಿ ನಿಂತಿದ್ದಳು, ಬಲಗೈ ಟ್ರಂಕಿನ ಮೇಲಿತ್ತು.

"ಹತ್ತು, ಹೊತ್ತಾಗ್ತದ" ಎಂದರು ಕಾಕಾ.

"ನಾ ಬರೂದಿಲ್ಲ ಅಪ್ಪಾ."

"ತುಂಗಾ, ನಿನಗ ತಿಳೀದು. ಈ ಸಮಾಜ ಇನ್ನೂ ತಯಾರಿಲ್ಲ."

"ಆಗಲಿ. ತಯಾರಾದಮ್ಯಾಲೆ ಹೇಳಿ ಕಳಸ್ರಿ. ಅಲ್ಲೀತನಕ ನಾ ಇಲ್ಲೇ ಕಲಸ್ಕೋತ ಇರ್ತೀನಿ."

ಅವಳ ಕೈ ಟ್ರಂಕಿನ ಮೇಲಿಂದ ಕದಲಲಿಲ್ಲ. ಹಿಂದೆ ಪಂತರ ಮನೆಯ ಹೆಂಗಸರೆಲ್ಲ ಒಟ್ಟಾಗಿ ನಿಂತಿದ್ದರು. ಪಂತರ ತಮ್ಮನ ಸೊಸೆ, ಆ ಕಲಿತಾಕೆ, ಎಲ್ಲರಿಗಿಂತ ಮುಂದಿದ್ದಳು. ಕಾಕಾನಲ್ಲಿ ಎಷ್ಟೋ ಭಾಷಣಗಳಿದ್ದವು, ಎಲ್ಲವೂ ಮಗಳ ಕಡೆಗೇ ಇದ್ದವು. ಗಡಿಯಾರ ತೆಗೆದರು, ನೋಡದೆ ಒಳಗಿಟ್ಟರು. ಆಮೇಲೆ ನನ್ನ ಕೈಯಲ್ಲಿದ್ದ ಲಂಡನ್ನಿನ ಕೊಡೆಯನ್ನು ಕಿತ್ತುಕೊಂಡು ಅವಳ ಕಡೆ ಚಾಚಿದರು.

"ಸಾಲಿ ದೂರ ಅದ. ಬಿಸಲು ಬಾಳ" ಎಂದರು.

ಮತ್ತೆ ಬೈಲಹೊಂಗಲ, ಮತ್ತೆ ನಾಕೆ

ಊರಿಗೆ ಬಂದು ಚೇತರಿಸಿಕೊಂಡ ಮೇಲೆ ಕಾಕಾ ವಾಚನಾಲಯದಲ್ಲಿ ರಾಮದುರ್ಗದ ರಾಷ್ಟ್ರಗುಣದ ಮೇಲೆ ಭಾಷಣ ಕೊಟ್ಟರು. ಅಲ್ಲಿ ಪಶುಗಳಿಗೂ ವಾರದ ಬಿಡುವು ಕೊಡುವ ದಯೆ ಮತ್ತು ಶಿಸ್ತು ಇದೆ, ಪರದೇಶದ ಹೆಣ್ಣುಮಗಳನ್ನು ಗುರುವೆಂದು ಕೂಡಿಸಿಕೊಳ್ಳುವ ಉದಾರತೆ ಇದೆ, ಅದನ್ನು ಕಂಡೇ ತಾವು ಸ್ವಂತ ಮಗಳನ್ನು ಅಲ್ಲಿ ಬಿಟ್ಟು ಬಂದದ್ದು ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಹಿಂದಿನ ಸಾಲಿನಿಂದ ನಮ್ಮ ಅಂಗಡಿಯ ಧಣಿ ಎದ್ದು, ನಮ್ಮೂರ ಕನ್ಯಾಶಾಲೆಯ ಕೆಲಸ ಎಲ್ಲಿಗೆ ಬಂತೆಂದು ಕೇಳಿದರು.

"ನಮ್ಮ ಸಮಾಜ ಇನ್ನೂ ತಯಾರಿಲ್ಲ" ಎಂದು ಕಾಕಾ ನಿಟ್ಟುಸಿರು ಬಿಟ್ಟರು.

ಅಂದು ಮನೆಗೆ ಬಂದು ಹೆಂಡತಿಯೊಡನೆ ಮಾತಾಡಿದೆ. ಅವಳು ಅತ್ತಳು. ಅತ್ತು, ಸೆರಗಿನಿಂದ ಮೂಗೊರಸಿಕೊಂಡು, ಪದ್ದಿಯ ಎರಡು ಲಂಗ ಮಡಚಿ, ನಡುವೆ ಪಾಟಿ ಒಡೆಯದಂತೆ ಇಟ್ಟು ಗಂಟು ಕಟ್ಟಿದಳು. ನಮ್ಮ ಅವ್ವ ಬತ್ತಿ ಹೊಸೆಯುವವರು ಯಾರೆಂದು ಕೇಳಿದಳು. ನಾನು ಹೊಸೆಯುತ್ತೇನೆ ಎಂದೆ. ಈಗಲೂ ಹೊಸೆಯುತ್ತಿದ್ದೇನೆ.

ಸೋಮವಾರ ತಪ್ಪಿಸಿ ಬಸಲಿಂಗಪ್ಪನ ಗಾಡಿಯಲ್ಲಿ ಹೊರಟೆವು. ನಾಕೆಯಲ್ಲಿ ಅದೇ ಕಾವಲುಗಾರ ಎತ್ತಿಗೆ ನೀರಿಟ್ಟು ನನ್ನ ಗುರುತು ಹಿಡಿದ.

"ಈ ಸಲಾನೂ ವಿಚಾರೇನ್ರಿ?"

"ಇಲ್ಲ. ಮಗಳು ಇದ್ದಾಳ, ಒಂದು ಪಾಟಿ ಅದ. ನಮ್ಮ ತಂಗಿ ಹತ್ತರ ಇಟ್ಟು ಸಾಲಿಗೆ ಹಾಕಬೇಕು."

ಅವನು ಗಂಟು ಮುಟ್ಟಿ ನೋಡಿ, ಪದ್ದಿಯ ಗಲ್ಲ ಹಿಂಡಿ, ಗಳ ಎತ್ತಲು ಹೋದವನು ಅರ್ಧಕ್ಕೆ ನಿಂತ.

"ಅ ಆ ಕಲಿಯಾಕ ಇಷ್ಟ ದೂರ ತಂದೀರಿ. ನಿಮ್ಮೂರಾಗ ಹೆಣ್ಣಹುಡುಗ್ಯಾರ ಸಾಲಿ ಇಲ್ಲೇನ್ರಿ?"

"ಬೋರ್ಡು ಅದ" ಎಂದೆ.